ಸರದಿ ಸಮವಾದರೂ ನಿದ್ದೆ ಸಮವಲ್ಲ

ಮ್ಯೂನಿಕ್‌ನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿರುವ ನಾನು, ಮಂಗಳೂರಿನಲ್ಲಿ ಇದೇ ಕೆಲಸದಲ್ಲಿರುವ ಗೆಳತಿಯ ಡ್ಯೂಟಿ ಪಟ್ಟಿಯನ್ನು ನಮ್ಮದರ ಜೊತೆ ಇಟ್ಟು ನೋಡಿದಾಗಲೆಲ್ಲ ಎರಡರಲ್ಲೂ ಒಂದೇ ಕೊರತೆ ಕಾಣುತ್ತದೆ: ಪಾಳಿಗಳನ್ನು ಸಮನಾಗಿ ಹಂಚಿದರೆ ನ್ಯಾಯ ಸಂದಿತೆಂದು ತಿಳಿಯುತ್ತಾರೆಯೇ ಹೊರತು, ಯಾರಿಗೆ ಯಾವಾಗ ನಿದ್ದೆ ಬರುತ್ತದೆಂದು ಕೇಳುವುದಿಲ್ಲ.

ನಿದ್ದೆಯ ಸಹಜ ವೇಳೆ ಬರಿಯ ಅಭ್ಯಾಸವಲ್ಲ. ಅದರಲ್ಲಿ ವಂಶವಾಹಿಗಳ, ವಯಸ್ಸಿನ, ಬೆಳಕಿನ ಪಾಲಿದೆ. ಇದೇ ಊರಿನ ವಿಶ್ವವಿದ್ಯಾಲಯದಲ್ಲಿ ಟಿಲ್ ರೋನೆಬರ್ಗ್ ಮತ್ತು ಸಂಗಡಿಗರು ರೂಪಿಸಿದ ಪ್ರಶ್ನಾವಳಿಯು, ರಜೆಯ ದಿನ ಅಲಾರಂ ಇಲ್ಲದೆ ಮಲಗಿ ಏಳುವ ಹೊತ್ತನ್ನು ಕೇಳಿ, ಆ ನಿದ್ದೆಯ ನಡುಬಿಂದುವನ್ನು ಅಳತೆಯಾಗಿ ಹಿಡಿಯುತ್ತದೆ. ರಾತ್ರಿ 12ಕ್ಕೆ ಮಲಗಿ 8ಕ್ಕೆ ಏಳುವವರ ನಡುಬಿಂದು 4 ಗಂಟೆ. ಅಂಥವರು ನಮ್ಮ ವಾರ್ಡಿನಲ್ಲಿ ಬೆಳಿಗ್ಗೆ 6ಕ್ಕೆ ಶುರುವಾಗುವ ಪಾಳಿಗೆ ನಾಲ್ಕೂವರೆಗೆ ಏಳಬೇಕು, ಅಂದರೆ ಅರ್ಧ ನಿದ್ದೆಯಲ್ಲೇ. ಬೇಗ ಮಲಗಿದರಾಯಿತಲ್ಲ ಎನ್ನುವವರು, 9 ದಾಟಿದ ಮೇಲೆ ಸೂರ್ಯ ಮುಳುಗುವ ಇಲ್ಲಿಯ ಜೂನ್ ತಿಂಗಳಲ್ಲಿ ಮಲಗಿ ನೋಡಲಿ. ಕೋಳಿ ಕೂಗುವ ಮೊದಲೇ ಏಳುವವರಿಗೆ ಮುಂಜಾನೆಯ ಪಾಳಿ ಹಗುರ. ರಾತ್ರಿ ದುಡಿದು ಹಗಲು ಮಲಗಬೇಕಾದಾಗ ಅವರ ಕಣ್ಣು ಬೇಗ ತೆರೆದುಕೊಳ್ಳುತ್ತದೆ.

ಪಾಳಿಯ ವೇಳೆಯನ್ನು ವೈಜ್ಞಾನಿಕ ತಿಳಿವಳಿಕೆಗೆ ಅನುಗುಣವಾಗಿ ಗೊತ್ತುಪಡಿಸಬೇಕೆಂದು ಜರ್ಮನಿಯ 1994ರ ಕೆಲಸದ ಅವಧಿಯ ಕಾನೂನು ಹೇಳಿದರೂ, 6 ಗಂಟೆಯ ಆರಂಭ ಕದಲಿಲ್ಲ. ಗೆಳತಿಯ ಆಸ್ಪತ್ರೆಯಲ್ಲಿ ಬೆಳಗಿನ ಡ್ಯೂಟಿ 8ಕ್ಕೆ ಶುರುವಾಗುತ್ತದೆ. ತಡವಾಗಿ ಮಲಗುವವರ ಮಟ್ಟಿಗೆ ಅದೇ ಮೇಲು. ಸಮಪಾಲಿನ ಮಾತಾಡಿದರೂ ಅಲ್ಲಿ ನೈಟ್ ಡ್ಯೂಟಿ ಹೆಚ್ಚಾಗಿ ಹೊಸಬರ ಪಾಲಿಗೆ ಬೀಳುತ್ತದೆ. ಇದು ಸೀನಿಯಾರಿಟಿಯ ದರ್ಪವೇ ಇರಬಹುದು, ಆದರೆ ನಿದ್ದೆಯ ವೇಳೆ ಜೀವನದಲ್ಲೇ ಅತಿ ತಡವಾಗುವುದು ಸುಮಾರು 20ರ ವಯಸ್ಸಿನಲ್ಲಾದ್ದರಿಂದ, ಆ ದರ್ಪ ಅರಿವಿಲ್ಲದೆಯೇ ದೇಹಕ್ಕೆ ಒಪ್ಪುವ ಕೆಲಸ ಮಾಡಿದೆ. ಒಪ್ಪದಿರುವುದು ಆ ರಾತ್ರಿಯ 12 ಗಂಟೆಗಳ ಉದ್ದ, ಮತ್ತು ಮನೆಗೆ ಬಂದವಳು ಕುಕ್ಕರ್ ಇಟ್ಟು ಮಧ್ಯಾಹ್ನದ ಅಡುಗೆ ಮುಗಿಸಿಯೇ ಮಲಗಬೇಕೆಂಬ ನಿರೀಕ್ಷೆ.

ಜರ್ಮನಿಯ ಉಕ್ಕಿನ ಕಾರ್ಖಾನೆಯೊಂದರಲ್ಲಿ, ಬೇಗ ಏಳುವವರಿಗೆ ರಾತ್ರಿ ಪಾಳಿಯನ್ನೂ ತಡವಾಗಿ ಏಳುವವರಿಗೆ ಮುಂಜಾನೆ ಪಾಳಿಯನ್ನೂ ತಪ್ಪಿಸಿ ನೋಡಿದಾಗ ಕೆಲಸದ ದಿನಗಳ ನಿದ್ದೆ ಹೆಚ್ಚಿತೆಂದು 2015ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ವಾರ್ಡಿನಲ್ಲಿ ಇದು ಅಷ್ಟು ಸಲೀಸಲ್ಲ, ಏಕೆಂದರೆ ಜನ ಕಡಿಮೆ. ಆದರೂ ಪಾಳಿಯ ಕೋರಿಕೆ ಬರೆದಿಡುವ ನಮ್ಮ ಪುಸ್ತಕದಲ್ಲಿ ಮದುವೆ, ಹುಟ್ಟುಹಬ್ಬಗಳಿಗಿರುವ ಮರ್ಯಾದೆ ನಿದ್ದೆಗೂ ಸಿಗಬಹುದು. ರಾತ್ರಿ ಪಾಳಿಯ ಭತ್ಯೆ ಕೈತಪ್ಪುತ್ತದೆಂದೇ ಒಗ್ಗದ ರಾತ್ರಿಗಳನ್ನು ಬಿಡದವರೂ ಇದ್ದಾರಾದ್ದರಿಂದ, ಪಟ್ಟಿ ತಿದ್ದುವಾಗ ಸಂಬಳದ ಲೆಕ್ಕವನ್ನೂ ತಿದ್ದಬೇಕಾಗುತ್ತದೆ.