ಮೊದಲ ನಾಸ್ಕಾರ್ ರೇಸ್‌ಗೆ ಡೇಟೋನಾ ಬೇಡ, ಬ್ರಿಸ್ಟಲ್‌ಗೆ ಹೋಗಿ

ಅಮೆರಿಕದಲ್ಲಿರುವ ನಮ್ಮ ಗೆಳೆಯರು ಯಾರಾದರೂ "ಒಂದ್ ಸಲ ನಾಸ್ಕಾರ್ ನೋಡ್ಬೇಕು" ಅಂದರೆ ಮುಂದಿನ ಮಾತು ಡೇಟೋನಾ 500 ಅಂತಲೇ ಬರುತ್ತದೆ. ನಾಸ್ಕಾರ್ ಅಂದರೆ ಅಲ್ಲಿನ ಕಾರ್ ರೇಸ್ ಸರಣಿ, ಡೇಟೋನಾ 500 ಅದರ ಅತಿ ಹೆಸರಾಂತ ರೇಸ್. ಎಲ್ಲರೂ ಕೇಳಿರುವ ಹೆಸರು ಅದೊಂದೇ. ಫೆಬ್ರವರಿ ತಿಂಗಳು, ಫ್ಲೋರಿಡಾದ ಬಿಸಿಲು, ಮಕ್ಕಳಿಗೆ ಪಕ್ಕದಲ್ಲೇ ಡಿಸ್ನಿ. ಟಿಕೆಟ್ ಬುಕ್ ಆಗಿಯೇಬಿಡುತ್ತದೆ. ದಯವಿಟ್ಟು ಸ್ವಲ್ಪ ತಡೆಯಿರಿ. ಮೊದಲ ರೇಸ್ ನೋಡಲು ಡೇಟೋನಾ ಸರಿಯಾದ ಜಾಗ ಅಲ್ಲ. ಟೆನೆಸ್ಸಿಯ ಬ್ರಿಸ್ಟಲ್‌ಗೆ ಹೋಗಿ. ಅದೂ ಸೆಪ್ಟೆಂಬರ್‌ನ ರಾತ್ರಿ ರೇಸ್‌ಗೆ.

ಡೇಟೋನಾ ಬಗ್ಗೆ ನನಗೆ ಗೌರವ ಕಡಿಮೆ ಇಲ್ಲ. 1948ರಲ್ಲಿ ನಾಸ್ಕಾರ್ ಶುರುವಾದದ್ದೇ ಆ ಊರಿನಲ್ಲಿ. ಶುರು ಮಾಡಿದ ಬಿಲ್ ಫ್ರಾನ್ಸ್ ಅವರೇ 1959ರಲ್ಲಿ ಈಗಿರುವ ಟ್ರ್ಯಾಕ್ ಕಟ್ಟಿಸಿದರು. ಒಂದು ಸುತ್ತು ಎರಡೂವರೆ ಮೈಲಿ, ಅಂದರೆ 4 ಕಿಲೋಮೀಟರ್. ತಿರುವುಗಳಲ್ಲಿ ರಸ್ತೆ 31 ಡಿಗ್ರಿ ವಾಲಿಕೊಂಡಿರುತ್ತದೆ. ಆದರೆ ನೋಡುವವರ ಕಡೆಯಿಂದ ಯೋಚಿಸಿ. ಸೀಟುಗಳೆಲ್ಲ ಒಂದು ಬದಿಗೆ ಇವೆ. ಕಾರುಗಳ ಗುಂಪು ನಿಮ್ಮ ಮುಂದೆ ಭರ್‌ ಅಂತ ಹೋಗುತ್ತದೆ, ಆಮೇಲೆ ಆಚೆ ದಡದಲ್ಲಿ ಬಣ್ಣದ ಚುಕ್ಕೆಗಳಾಗುತ್ತದೆ. ಮುಕ್ಕಾಲು ನಿಮಿಷ ಕಾಯಬೇಕು, ಮತ್ತೆ ಭರ್‌. ನಡುವೆ ಏನಾಯಿತು ಅಂತ ತಿಳಿಯಲು ದೊಡ್ಡ ಪರದೆಯನ್ನೇ ನೋಡಬೇಕು. ಪರದೆ ನೋಡಲು ಅಷ್ಟು ದೂರ ಯಾಕೆ ಹೋಗಬೇಕು?

ಅಲ್ಲಿನ ನಿಜವಾದ ಆಟ ಗಾಳಿಯದ್ದು. ಮುಂದಿನ ಕಾರು ಗಾಳಿಯನ್ನು ಸೀಳುತ್ತದೆ, ಅದರ ಬಾಲಕ್ಕೆ ಅಂಟಿಕೊಂಡು ಹಿಂದಿನ ಕಾರು ಹೋಗುತ್ತದೆ. ಇಬ್ಬರೂ ಸೇರಿದರೆ ಒಂಟಿ ಕಾರಿಗಿಂತ ಜೋರಾಗಿ ಓಡುತ್ತಾರೆ. ಯಾರು ಯಾರ ಬೆನ್ನಿಗೆ ನಿಂತರು, ಯಾರು ಕೈಕೊಟ್ಟರು ಅನ್ನುವುದೇ ಅಲ್ಲಿನ ಕಥೆ. ಆ ಕಥೆಯನ್ನು ಓದಲು ಕಣ್ಣು ಪಳಗಬೇಕು. ಹಾಗಾಗಿ ಡೇಟೋನಾ ಎರಡನೆಯದೋ ಮೂರನೆಯದೋ ರೇಸ್ ಆಗಲಿ.

ಇನ್ನು ಬ್ರಿಸ್ಟಲ್. ಸುತ್ತು ಬರೀ 0.533 ಮೈಲಿ, ಒಂದು ಕಿಲೋಮೀಟರ್ ಕೂಡ ಇಲ್ಲ. ಅದರ ಸುತ್ತ ಒಂದೂ ಕಾಲು ಲಕ್ಷಕ್ಕಿಂತ ಜಾಸ್ತಿ ಸೀಟು. ಸ್ಟೇಡಿಯಂ ಒಂದು ದೊಡ್ಡ ಬಾಣಲೆಯ ಹಾಗಿದೆ: ತಳದಲ್ಲಿ ರೇಸ್, ಅಂಚಿನ ತನಕ ಜನ. ಟ್ರ್ಯಾಕ್ ಕಾಂಕ್ರೀಟಿನದು. ಒಂದು ಸುತ್ತಿಗೆ ಹದಿನೈದು ಹದಿನಾರು ಸೆಕೆಂಡು ಸಾಕು. ಹೀಗೆ 500 ಸುತ್ತು. ಮುಂದಿರುವವರು ಸ್ವಲ್ಪ ಹೊತ್ತಿಗೇ ಹಿಂದೆ ಬಿದ್ದವರನ್ನು ಬಂದು ಮುಟ್ಟುತ್ತಾರೆ. ಆಮೇಲೆ ಖಾಲಿ ರಸ್ತೆ ಅನ್ನುವುದೇ ಯಾರಿಗೂ ಇಲ್ಲ. ನೀವು ಎಲ್ಲಿ ಕೂತರೂ ಎಲ್ಲ ಕಾರುಗಳೂ ಯಾವಾಗಲೂ ಕಣ್ಣ ಮುಂದೆಯೇ ಇರುತ್ತವೆ. ಜಗಳ ಶುರುವಾಗುವುದು, ಬೆಳೆಯುವುದು, ಮುಗಿಯುವುದು ಎಲ್ಲವೂ ಕಾಣುತ್ತದೆ.

ಅಲ್ಲಿನ ರಾತ್ರಿ ರೇಸ್ 1978ರಿಂದ ನಡೆಯುತ್ತಿದೆ. 1999ರದ್ದನ್ನು ಹಳಬರು ಇವತ್ತಿಗೂ ಮಾತಾಡುತ್ತಾರೆ. ಕೊನೆಯ ಸುತ್ತು, ಟೆರ್ರಿ ಲಬಾಂಟಿ ಮುಂದಿದ್ದರು. ಹಿಂದಿನಿಂದ ಡೇಲ್ ಅರ್ನ್‌ಹಾರ್ಟ್ ಮುಟ್ಟಿದರು. ಲಬಾಂಟಿ ಕಾರು ತಿರುಗಿ ನಿಂತಿತು, ಅರ್ನ್‌ಹಾರ್ಟ್ ಗೆದ್ದರು. ಅಮೆರಿಕದ ದಕ್ಷಿಣದಲ್ಲಿ ದೇವರಂತೆ ಕಾಣುತ್ತಿದ್ದ ಆ ಮನುಷ್ಯನನ್ನು ಅವತ್ತು ಜನ ಕೂಗಿ ಕೂಗಿ ಬೈದರು. ಸಣ್ಣ ಟ್ರ್ಯಾಕಿನಲ್ಲಿ ಓವರ್‌ಟೇಕ್ ಮಾಡುವಾಗ ಎಷ್ಟು ಮುಟ್ಟಿದರೆ ನ್ಯಾಯ, ಎಷ್ಟು ಮುಟ್ಟಿದರೆ ಅನ್ಯಾಯ? ಸ್ಟ್ಯಾಂಡಿನಲ್ಲಿ ಅಕ್ಕಪಕ್ಕ ಕೂತವರಿಗೇ ಒಂದೇ ಉತ್ತರ ಇರುವುದಿಲ್ಲ. ನನಗೆ ಈ ಆಟ ಹಿಡಿಸಿದ್ದೇ ಈ ಪ್ರಶ್ನೆಯಿಂದ.

"ಸುಮ್ನೆ ಎಡಕ್ಕೆ ತಿರುಗಿ ತಿರುಗಿ ರೌಂಡ್ ಹೊಡೀತಾರೆ, ಅದ್ರಲ್ಲೇನಿದೆ?" ಅಂತ ಎಷ್ಟೋ ಜನ ಕೇಳುತ್ತಾರೆ. ಟಿವಿಯಲ್ಲಿ ಹತ್ತು ನಿಮಿಷ ನೋಡಿದವರಿಗೆ ಹಾಗೆಯೇ ಅನಿಸುವುದು ಸಹಜ. ಇದಕ್ಕೆ ನನ್ನ ಉತ್ತರ: ಟ್ರ್ಯಾಕಿನಲ್ಲಿ ಸ್ಕ್ಯಾನರ್ ಬಾಡಿಗೆಗೆ ತಗೊಳ್ಳಿ. ಸಣ್ಣ ರೇಡಿಯೋ ಪೆಟ್ಟಿಗೆ, ಜೊತೆಗೆ ಕಿವಿ ಪೂರ್ತಿ ಮುಚ್ಚುವ ಹೆಡ್‌ಸೆಟ್. ಅದರಲ್ಲಿ ಡ್ರೈವರ್ ತನ್ನ ತಂಡದ ಜೊತೆ ಆಡುವ ಮಾತು ನೇರವಾಗಿ ಕೇಳಿಸುತ್ತದೆ. ಬೇರೆ ಯಾವ ಆಟದಲ್ಲಿ ಇದು ಸಿಗುತ್ತದೆ ಹೇಳಿ? ಕ್ಯಾಪ್ಟನ್ ಬೌಲರ್ ಹತ್ತಿರ ಏನು ಹೇಳಿದ ಅಂತ ಸ್ಟ್ಯಾಂಡಿನಲ್ಲಿ ಕೂತ ನಮಗೆ ತಿಳಿಯುವುದಿಲ್ಲ. ಇಲ್ಲಿ ತಿಳಿಯುತ್ತದೆ.

ಸ್ಪಾಟರ್ ಅಂತ ಒಬ್ಬರು ಸ್ಟೇಡಿಯಂ ಮೇಲೆ ನಿಂತಿರುತ್ತಾರೆ. ಡ್ರೈವರ್‌ಗೆ ಪಕ್ಕಕ್ಕೆ ಸರಿಯಾಗಿ ಕಾಣುವುದಿಲ್ಲ, ಆದ್ದರಿಂದ ಇವರೇ ಅವನ ಕಣ್ಣು. ಟ್ರ್ಯಾಕಿನ ಒಳಬದಿಯಲ್ಲಿ ನಿನ್ನ ಪಕ್ಕ ಒಬ್ಬ ಇದ್ದಾನೆ, ಇನ್ನೂ ಇದ್ದಾನೆ, ಈಗ ಕ್ಲಿಯರ್ ಅಂತ ರೇಸ್ ಮುಗಿಯುವ ತನಕ ಹೇಳುತ್ತಲೇ ಇರುತ್ತಾರೆ. ಡ್ರೈವರ್ ಕಡೆಯಿಂದ ಸಾಮಾನ್ಯವಾಗಿ ಎರಡು ದೂರು. ಕಾರು 'ಟೈಟ್' ಆಗಿದೆ ಅಂದರೆ ಸ್ಟೀರಿಂಗ್ ತಿರುಗಿಸಿದರೂ ಮೂತಿ ತಿರುಗುತ್ತಿಲ್ಲ. 'ಲೂಸ್' ಆಗಿದೆ ಅಂದರೆ ಹಿಂಭಾಗ ಜಾರುತ್ತಿದೆ. ಕೆಳಗೆ ತಂಡದ ಮುಖ್ಯಸ್ಥ, ಅಂದರೆ ಕ್ರೂ ಚೀಫ್, ಲೆಕ್ಕ ಹಾಕುತ್ತಾರೆ: ಟೈರಿನ ಗಾಳಿ ಎಷ್ಟು ಬದಲಿಸಬೇಕು, ಕಾರನ್ನು ಈಗಲೇ ಪಿಟ್‌ಗೆ, ಅಂದರೆ ಟ್ರ್ಯಾಕ್ ಪಕ್ಕದಲ್ಲಿ ತಂಡ ನಿಂತಿರುವ ಜಾಗಕ್ಕೆ, ಕರೆಯಬೇಕಾ, ಇನ್ನೂ ಇಪ್ಪತ್ತು ಸುತ್ತು ಕಾಯಬೇಕಾ? ಕರೆದರೆ ಐದು ಜನ ಗೋಡೆ ಹಾರಿ ಬಂದು ನಾಲ್ಕು ಟೈರ್ ಬದಲಿಸಿ, ಇಂಧನ ತುಂಬಿ, ಸುಮಾರು ಹತ್ತು ಸೆಕೆಂಡಿನಲ್ಲಿ ಕಳಿಸುತ್ತಾರೆ. 2022ರಲ್ಲಿ ಹೊಸ ಕಾರು ಬಂದಮೇಲೆ ಚಕ್ರಕ್ಕೆ ಐದು ನಟ್ ಬದಲು ನಡುವೆ ಒಂದೇ ನಟ್.

ಒಂದು ಸಲಹೆ. ಸ್ಕ್ಯಾನರ್‌ನಲ್ಲಿ ಮೊದಲ ಸ್ಥಾನದಲ್ಲಿರುವವನ ಮಾತು ಕೇಳಬೇಡಿ. ಹದಿನೈದನೇ ಜಾಗದಲ್ಲಿ ಒದ್ದಾಡುತ್ತಿರುವ ಒಬ್ಬನನ್ನು ಆರಿಸಿಕೊಂಡು ಶುರುವಿನಿಂದ ಕೊನೆಯ ತನಕ ಅವನ ಮಾತನ್ನೇ ಕೇಳಿ. ಕಾರಿನೊಳಗೆ 50 ಡಿಗ್ರಿ ದಾಟುವ ಸೆಕೆ, ಮೂರು ಗಂಟೆ ಬಿಡುವಿಲ್ಲ. ಮೊದಲು ಸಿಟ್ಟು, ಆಮೇಲೆ ಸಮಾಧಾನ, ಒಂದು ಒಳ್ಳೆ ಪಿಟ್ ಸ್ಟಾಪ್ ಆದಮೇಲೆ ದನಿಯಲ್ಲಿ ಹುರುಪು. ರೇಸ್ ಮುಗಿಯುವ ಹೊತ್ತಿಗೆ ಅವನು ನಿಮ್ಮವನೇ ಆಗಿಬಿಟ್ಟಿರುತ್ತಾನೆ.

ಪ್ಲಾನಿಂಗ್ ವಿಷಯಕ್ಕೆ ಬರೋಣ. ದೂರದಿಂದ ಬರುವವರು ವಿಮಾನದಲ್ಲಿ ಷಾರ್ಲೆಟ್‌ಗೆ ಬನ್ನಿ. ಅಲ್ಲಿಂದ ಬ್ರಿಸ್ಟಲ್‌ಗೆ ಕಾರಿನಲ್ಲಿ ಮೂರು ಗಂಟೆ ದಾರಿ, ಬೆಟ್ಟಗಳ ನಡುವೆ ಚೆನ್ನಾಗಿದೆ. ಆದರೆ ಷಾರ್ಲೆಟ್‌ನಿಂದ ತಕ್ಷಣ ಹೊರಡಬೇಡಿ. ನಾಸ್ಕಾರ್ ತಂಡಗಳಲ್ಲಿ ಹೆಚ್ಚಿನವು ಇರುವುದು ಅದರ ಸುತ್ತಮುತ್ತ. ಕಾನ್ಕಾರ್ಡ್‌ನಲ್ಲಿ ಹೆಂಡ್ರಿಕ್ ತಂಡ, ಮೂರ್ಸ್‌ವಿಲ್‌ನಲ್ಲಿ ಪೆನ್ಸ್‌ಕಿ ತಂಡ. ಕೆಲವು ತಂಡಗಳು ಹೊರಗಿನವರಿಗೆ ನೋಡಲು ಜಾಗ ಮಾಡಿವೆ, ವಾರದ ದಿನಗಳಲ್ಲಿ ಹೋದರೆ ಒಳ್ಳೆಯದು. ಷಾರ್ಲೆಟ್ ಮಧ್ಯದಲ್ಲೇ 2010ರಲ್ಲಿ ತೆರೆದ ನಾಸ್ಕಾರ್ ಹಾಲ್ ಆಫ್ ಫೇಮ್ ಮ್ಯೂಸಿಯಂ ಇದೆ. 200 ರೇಸ್ ಗೆದ್ದ ರಿಚರ್ಡ್ ಪೆಟ್ಟಿ ಯಾರು, ಮದ್ಯ ನಿಷೇಧದ ಕಾಲದಲ್ಲಿ ಕಳ್ಳಭಟ್ಟಿ ಸಾಗಿಸುತ್ತಿದ್ದ ಕಾರುಗಳಿಗೂ ಈ ಆಟಕ್ಕೂ ಏನು ನಂಟು, ಎಲ್ಲವೂ ಅಲ್ಲಿ ಸಿಗುತ್ತದೆ. ರೇಸ್‌ಗೆ ಮುಂಚೆ ಇದನ್ನು ನೋಡಿ. ಆಮೇಲೆ ನೋಡಿದರೆ ಅರ್ಧ ಲಾಭ ಅಷ್ಟೇ.

ಹೋಟೆಲ್ ಬ್ರಿಸ್ಟಲ್‌ನಲ್ಲೇ ಬೇಕು ಅಂತ ಹಟ ಬೇಡ. ರೇಸ್ ವಾರದಲ್ಲಿ ಬಾಡಿಗೆ ಏರುತ್ತದೆ. ಜಾನ್ಸನ್ ಸಿಟಿ, ಕಿಂಗ್ಸ್‌ಪೋರ್ಟ್, ಅಬಿಂಗ್ಡನ್, ಎಲ್ಲವೂ ಹತ್ತಿರವೇ. ಬೆಳಗ್ಗೆಯೇ ಬ್ರಿಸ್ಟಲ್ ತಲುಪಿ, ಪೇಟೆಯ ಸ್ಟೇಟ್ ಸ್ಟ್ರೀಟ್‌ನಲ್ಲಿ ಓಡಾಡಿ. ಆ ರಸ್ತೆಯ ನಡುವೆಯೇ ರಾಜ್ಯದ ಗಡಿ ಇದೆ, ಒಂದು ಫುಟ್‌ಪಾತ್ ಟೆನೆಸ್ಸಿ, ಎದುರಿನದು ವರ್ಜೀನಿಯಾ. ರೇಸ್ ಮುಗಿದ ಮೇಲೆ ಮಾತ್ರ ಅವಸರ ಮಾಡಬೇಡಿ. ಎಲ್ಲರೂ ಒಟ್ಟಿಗೆ ಹೊರಗೆ ಬರುತ್ತಾರೆ. ಸೀಟಿನಲ್ಲೇ ಒಂದು ಗಂಟೆ ಕೂತು ಹರಟೆ ಹೊಡೆದು ಎದ್ದರೆ ಆಯಿತು.

ಸೀಟು ಮೇಲಿನ ಸಾಲಿನಲ್ಲಿ ತಗೊಳ್ಳಿ. ಕೆಳಗೆ ಕೂತರೆ ಬೇಲಿ ಅಡ್ಡ ಬರುತ್ತದೆ, ಟೈರಿನ ರಬ್ಬರ್ ಚೂರುಗಳು ಮೈಮೇಲೆ ಹಾರುತ್ತವೆ. ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ಮಾತ್ರ ಮೆಟ್ಟಿಲ ಲೆಕ್ಕ ನೋಡಿಕೊಳ್ಳಿ, ಬ್ರಿಸ್ಟಲ್‌ನ ಮೆಟ್ಟಿಲುಗಳು ಕಡಿದಾಗಿವೆ. ಮಂಡಿ ನೋವು ಇರುವವರಿಗೆ ನಾನು ಒತ್ತಾಯ ಮಾಡುವುದಿಲ್ಲ.

ಶಬ್ದದ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಸೈಲೆನ್ಸರ್ ಇಲ್ಲದ ವಿ8 ಎಂಜಿನ್‌ಗಳು, ಮೂವತ್ತಕ್ಕೂ ಜಾಸ್ತಿ ಕಾರು, ಸುತ್ತ ಗೋಡೆಯಂತೆ ಸ್ಟ್ಯಾಂಡ್. ಎದೆಗೆ ಬಡಿಯುವ ಶಬ್ದ ಅದು. ದೊಡ್ಡವರು ಫೋಮ್ ಇಯರ್‌ಪ್ಲಗ್ ಹಾಕಿ ಅದರ ಮೇಲೆ ಹೆಡ್‌ಸೆಟ್ ಹಾಕಿಕೊಳ್ಳಿ. ಮಕ್ಕಳಿಗೆ ಅವರ ಅಳತೆಯ ಇಯರ್‌ಮಫ್ ಮನೆಯಲ್ಲೇ ತಗೊಂಡು, ಒಂದೆರಡು ದಿನ ಹಾಕಿ ಅಭ್ಯಾಸ ಮಾಡಿಸಿ. ಕೈಗೂಸುಗಳನ್ನು ಕರೆತರಲೇಬೇಡಿ.

ಊಟಕ್ಕೆ ನಮ್ಮವರು ಚಿಂತೆ ಮಾಡಬೇಕಿಲ್ಲ. ಬೇರೆ ಆಟಗಳ ಸ್ಟೇಡಿಯಂಗಳ ಹಾಗಲ್ಲ, ನಾಸ್ಕಾರ್ ಟ್ರ್ಯಾಕ್‌ಗಳಲ್ಲಿ ಹೆಚ್ಚಿನವು ಮನೆ ಊಟ ಒಳಗೆ ಬಿಡುತ್ತವೆ. ಮೆತ್ತನೆಯ ಕೂಲರ್ ಚೀಲ ಇರಬೇಕು, ಅಳತೆ 14 ಇಂಚು ಮೀರಬಾರದು, ಗಾಜಿನ ಬಾಟಲಿ ಬೇಡ. ಹೋಗುವ ಮೊದಲು ಆ ಟ್ರ್ಯಾಕಿನ ನಿಯಮ ಒಮ್ಮೆ ನೋಡಿಕೊಳ್ಳಿ. ಪುಳಿಯೋಗರೆ, ಚಪಾತಿ ಪಲ್ಯ, ಕೋಡುಬಳೆ ಇದ್ದರೆ ಸಸ್ಯಾಹಾರಿಗಳು ಫ್ರೆಂಚ್ ಫ್ರೈಸ್ ಮೇಲೆ ದಿನ ತಳ್ಳಬೇಕಿಲ್ಲ.

ಮಳೆ ಈ ಪ್ರವಾಸದ ದೊಡ್ಡ ಅಪಾಯ. ತಿರುವುಗಳಲ್ಲಿ ವಾಲಿಕೊಂಡಿರುವ ಇಂಥ ಟ್ರ್ಯಾಕ್ ಒದ್ದೆಯಾದರೆ ಓಡಿಸುವುದಿಲ್ಲ, ಒಣಗಿಸಿ ಮುಂದುವರಿಸುತ್ತಾರೆ ಅಥವಾ ಮರುದಿನಕ್ಕೆ ಹಾಕುತ್ತಾರೆ. 2020ರಲ್ಲೂ 2024ರಲ್ಲೂ ಡೇಟೋನಾ 500 ಸೋಮವಾರಕ್ಕೆ ಹೋಯಿತು. ಭಾನುವಾರ ರಾತ್ರಿಯ ವಿಮಾನ ಬುಕ್ ಮಾಡಿದವರ ಗತಿ ಏನು? ಬ್ರಿಸ್ಟಲ್‌ನ ರಾತ್ರಿ ರೇಸ್ ಸಾಮಾನ್ಯವಾಗಿ ಶನಿವಾರ ಇರುತ್ತದೆ, ಮಳೆ ಬಂದರೂ ಕೈಯಲ್ಲಿ ಭಾನುವಾರ ಉಳಿಯುತ್ತದೆ. ನಾನು ಇದನ್ನೇ ಹೇಳುವುದಕ್ಕೆ ಇದೂ ಒಂದು ಕಾರಣ.

ಕೆಲವರು ಮೆಲ್ಲಗೆ ಕೇಳುವ ಪ್ರಶ್ನೆ ಒಂದಿದೆ. "ಅಲ್ಲಿ ನಮ್ಮಂಥವರು ಹೋಗಬಹುದಾ?" ಈ ಪ್ರಶ್ನೆಯನ್ನು ತಳ್ಳಿಹಾಕಬಾರದು, ಅದಕ್ಕೆ ಚರಿತ್ರೆ ಇದೆ. ವೆಂಡೆಲ್ ಸ್ಕಾಟ್ ಎಂಬ ಕಪ್ಪು ಡ್ರೈವರ್ 1963ರ ಡಿಸೆಂಬರ್‌ನಲ್ಲಿ ಜಾಕ್ಸನ್‌ವಿಲ್‌ನಲ್ಲಿ ಗೆದ್ದಾಗ ಮೊದಲು ಬೇರೆಯವರನ್ನು ವಿಜೇತ ಅಂತ ಘೋಷಿಸಿದರು. ತಪ್ಪು ಆಮೇಲೆ ಸರಿಹೋಯಿತು, ಆದರೆ ಆ ಟ್ರೋಫಿ ಅವರ ಕೈಗೆ ಬರಲೇ ಇಲ್ಲ. ನಾಸ್ಕಾರ್ ಅವರ ಕುಟುಂಬಕ್ಕೆ ಟ್ರೋಫಿ ಕೊಟ್ಟದ್ದು 2021ರಲ್ಲಿ, ಅವರು ತೀರಿಕೊಂಡು ಮೂವತ್ತು ವರ್ಷ ದಾಟಿದ ಮೇಲೆ. ಈ ಅನ್ಯಾಯ ನೆನೆದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಗುಲಾಮಗಿರಿ ಉಳಿಸಿಕೊಳ್ಳಲು ಯುದ್ಧ ಮಾಡಿದ ದಕ್ಷಿಣದ ರಾಜ್ಯಗಳ ಕಾನ್ಫೆಡರೇಟ್ ಬಾವುಟ ಟ್ರ್ಯಾಕ್‌ಗಳಲ್ಲಿ ನಿಷೇಧವಾದದ್ದು 2020ರಲ್ಲಿ. ಮರುವರ್ಷ ಅಲಬಾಮಾದ ಟ್ಯಾಲಡೇಗಾ ಟ್ರ್ಯಾಕಿನಲ್ಲಿ ಕಪ್ಪು ಡ್ರೈವರ್ ಬಬ್ಬಾ ವ್ಯಾಲೇಸ್ ಗೆದ್ದರು. ನಮ್ಮ ಪಕ್ಕದ ಕೊಯಮತ್ತೂರಿನ ನರೇನ್ ಕಾರ್ತಿಕೇಯನ್ 2010ರಲ್ಲಿ ನಾಸ್ಕಾರ್‌ನ ಟ್ರಕ್ ಸರಣಿಯಲ್ಲಿ (ಪಿಕಪ್ ಟ್ರಕ್‌ಗಳ ರೇಸ್) ಓಡಿಸಿದ್ದರು. ಮೊದಲ ರೇಸ್ ಮಾರ್ಟಿನ್ಸ್‌ವಿಲ್‌ನಲ್ಲಿ, ಬಂದದ್ದು 13ನೇ ಜಾಗ. ಆ ವರ್ಷ ಆ ಸರಣಿಯ ಅತಿ ಜನಪ್ರಿಯ ಡ್ರೈವರ್ ಅಂತ ಅಭಿಮಾನಿಗಳು ಅವರನ್ನೇ ಆರಿಸಿದರು. ನನ್ನ ಅನುಭವ ಹೇಳುವುದಾದರೆ, ಪಕ್ಕದ ಸೀಟಿನ ಅಪರಿಚಿತರು ನನ್ನ ಮಗಳಿಗೆ ಟೈರ್ ಸವೆತದ ಲೆಕ್ಕವನ್ನು ಕೂತು ಹೇಳಿಕೊಟ್ಟಿದ್ದಾರೆ. ಎಲ್ಲರ ಅನುಭವ ಇದೇ ಆಗುತ್ತದೆ ಅಂತ ನಾನು ಮಾತು ಕೊಡಲಾರೆ. ಹೋಗಿ ಅಂತ ಮಾತ್ರ ಖಂಡಿತ ಹೇಳುತ್ತೇನೆ.

ಅಪಘಾತದ ಭಯವನ್ನೂ ಹೇಳುತ್ತಾರೆ. 2001ರ ಡೇಟೋನಾ 500ರ ಕೊನೆಯ ಸುತ್ತಿನಲ್ಲಿ ಅರ್ನ್‌ಹಾರ್ಟ್ ತೀರಿಕೊಂಡರು. ಆಮೇಲೆ ಕುತ್ತಿಗೆ ಕಾಯುವ ಸಾಧನ ಕಡ್ಡಾಯವಾಯಿತು, ಗೋಡೆಗಳಿಗೆ ಹೊಡೆತ ತಾಳಿಕೊಳ್ಳುವ ತಡೆ ಬಂತು. ಅಲ್ಲಿಂದೀಚೆಗೆ ನಾಸ್ಕಾರ್‌ನ ಮುಖ್ಯ ಸರಣಿಯಾದ ಕಪ್ ಸರಣಿಯ ರೇಸ್‌ನಲ್ಲಿ ಯಾವ ಡ್ರೈವರ್ ಜೀವವೂ ಹೋಗಿಲ್ಲ.

ಸೆಪ್ಟೆಂಬರ್ ಆಗದವರಿಗೆ, ಅದರಲ್ಲೂ ರಾಲೀ, ರಿಚ್‌ಮಂಡ್ ಕಡೆಯವರಿಗೆ, ವರ್ಜೀನಿಯಾದ ಮಾರ್ಟಿನ್ಸ್‌ವಿಲ್ ಇದೆ. 1947ರ ಟ್ರ್ಯಾಕ್, ನಾಸ್ಕಾರ್‌ಗಿಂತಲೂ ಹಳೆಯದು. ಗೆದ್ದವರಿಗೆ ಆಳೆತ್ತರದ ಗಡಿಯಾರ ಕೊಡುತ್ತಾರೆ. ರೇಸ್ ನಡೆಯುವಾಗ ಹಿಂದಿನ ಹಳಿಯಲ್ಲಿ ಗೂಡ್ಸ್ ರೈಲು ಹೋಗುವುದೂ ಉಂಟು. 2022ರ ಅಕ್ಟೋಬರ್‌ನಲ್ಲಿ ಕೊನೆಯ ಸುತ್ತಿನಲ್ಲಿ ರಾಸ್ ಚಾಸ್ಟೇನ್ ಬ್ರೇಕ್ ಒತ್ತದೆ ಕಾರನ್ನು ಗೋಡೆಗೆ ಒತ್ತಿ, ಗೋಡೆಗುಂಟ ಜಾರಿಸಿಕೊಂಡೇ ಐದು ಕಾರು ಹಿಂದೆ ಹಾಕಿದ್ದು ಇಲ್ಲೇ. ಆ ಪಟ್ಟನ್ನು ಮುಂದಿನ ವರ್ಷದಿಂದ ನಿಲ್ಲಿಸಿದರು. ನಿಲ್ಲಿಸಿದ್ದು ಸರಿ ಅಂತ ನನ್ನ ಅಭಿಪ್ರಾಯ, ಅದನ್ನು ಕಣ್ಣಾರೆ ಕಂಡವರು ಪುಣ್ಯವಂತರು ಅನ್ನುವುದೂ ಅಷ್ಟೇ ನಿಜ.

ಷಾರ್ಲೆಟ್, ರಾಲೀ, ಅಟ್ಲಾಂಟಾ ಕಡೆ ಇರುವವರು ಈ ಸಲ ಬ್ರಿಸ್ಟಲ್‌ಗೆ ಬರುವುದಾದರೆ ಬೇಗ ತಿಳಿಸಿ. ಒಟ್ಟಿಗೆ ಟಿಕೆಟ್ ತಗೊಂಡರೆ ಒಂದೇ ಸಾಲಿನಲ್ಲಿ ಸೀಟು ಸಿಗುತ್ತದೆ. ಸ್ಕ್ಯಾನರ್ ಬಾಡಿಗೆ ಹಂಚಿಕೊಳ್ಳಬಹುದು. ಪುಳಿಯೋಗರೆ ನಾವು ತರುತ್ತೇವೆ.