ಬಾಗಿಲಿಗೇ ಊಟ ಬಂತು, ಸರಿ. ತಂದವರು ಯಾರು?

ಭಾನುವಾರ ವಿರಾಜಪೇಟೆಯಲ್ಲಿ ಮದುವೆ. ಯಾರದ್ದು ಅಂತ ಹೇಳಬೇಕಿಲ್ಲ, ನನ್ನ ಅರ್ಧ ಫ್ರೆಂಡ್ ಲಿಸ್ಟ್ ಅಲ್ಲೇ ಇತ್ತು. ಊಟದಲ್ಲಿ ನನ್ನ ಪಕ್ಕ ತಮ್ಮನ ಮಗ. ಎದುರಿಗೆ ನಮ್ಮ ನೆಂಟರೊಬ್ಬರು. ಬ್ಯಾಂಕಿನಲ್ಲಿದ್ದು ರಿಟೈರ್ ಆದವರು. ಮೊನ್ನೆ ಮೊನ್ನೆ ಹೆಂಡತಿ ಜೊತೆ ಕ್ರೂಸ್ ಹೋಗಿ ಬಂದಿದ್ದಾರೆ. ಆ ಫೋಟೊಗಳನ್ನು ನೀವೂ ನೋಡಿರುತ್ತೀರಿ. ನೋಡದೆ ಇರೋಕೆ ಅವರು ಬಿಡಬೇಕಲ್ಲ.

ಕಡಂಬುಟ್ಟು ಎರಡನೇ ಸಲ ಬರುವಷ್ಟರಲ್ಲಿ ಮಾತು ಹಡಗಿಗೆ ಬಂತು. ಹುಡುಗ ಹಡಗಿನಲ್ಲಿ ಹೌಸ್‌ಕೀಪಿಂಗ್‌ನಲ್ಲಿದ್ದಾನೆ ಅಂತ ಗೊತ್ತಾದ ಮೇಲೆ ಅವರಿಗೆ ಇನ್ನೂ ಉತ್ಸಾಹ. "ಅಲ್ಲಪ್ಪಾ, ಆ ಕೊರೊನಾ ಟೈಮಲ್ಲಿ ಜಪಾನಿನಲ್ಲಿ ಒಂದು ಹಡಗನ್ನ ಎರಡು ವಾರ ನಿಲ್ಲಿಸಿದ್ರಲ್ಲ, ಅವರೆಲ್ಲ ಯಾಕೆ ಅಷ್ಟು ಗೋಳಾಡಿದ್ರು? ಏಸಿ ರೂಮು, ಬಾಗಿಲಿಗೇ ಊಟ, ಕೊನೆಗೆ ದುಡ್ಡೂ ವಾಪಸ್ಸು. ನನ್ನನ್ನ ಕೂಡಿಹಾಕಿದ್ರೆ ಒಂದು ತಿಂಗಳು ಇರ್ತಿದ್ದೆ!"

ಸಾಲಿಗೆ ಸಾಲೇ ನಕ್ಕಿತು. ಹುಡುಗ ನಗಲಿಲ್ಲ. ತಲೆ ತಗ್ಗಿಸಿ ಊಟ ಮಾಡಿದ. ನಾನೂ ಬಾಯಿ ಮುಚ್ಚಿಕೊಂಡಿದ್ದೆ, ಮದುವೆ ಮನೆ ಅಂತ. ಇಲ್ಲಿ ಮದುವೆ ಮನೆ ಅಲ್ಲವಲ್ಲ, ಹೇಳುತ್ತೇನೆ.

ಬಾಗಿಲಿಗೇ ಊಟ. ಸರಿ. ತಂದವರು ಯಾರು?

ಆ ಹಡಗಿನ ಹೆಸರು ಡೈಮಂಡ್ ಪ್ರಿನ್ಸೆಸ್. 2020ರ ಜನವರಿ 20ಕ್ಕೆ ಯೊಕೊಹಾಮಾದಿಂದ ಹೊರಟಿತ್ತು. 25ಕ್ಕೆ ಹಾಂಗ್‌ಕಾಂಗ್‌ನಲ್ಲಿ ಇಳಿದುಹೋದ ಒಬ್ಬರಿಗೆ ಫೆಬ್ರವರಿ 1ಕ್ಕೆ ಪಾಸಿಟಿವ್ ಬಂತು. 3ರ ರಾತ್ರಿ ಹಡಗು ಯೊಕೊಹಾಮಾಕ್ಕೆ ವಾಪಸ್. 5ರಿಂದ ರೂಮು ಬಿಟ್ಟು ಹೊರಗೆ ಬರಬೇಡಿ ಅಂದರು, 14 ದಿನ. ಒಳಗಿದ್ದವರು 3,711 ಜನ. ಅದರಲ್ಲಿ ಪ್ರಯಾಣಿಕರು 2,666. ಉಳಿದ 1,045 ಜನ ಸಿಬ್ಬಂದಿ.

ಈ 1,045 ಜನರಿಗೆ ಏನು ಹೇಳಿದರು? ಕೆಲಸಕ್ಕೆ ಬನ್ನಿ ಅಂದರು, ಅಷ್ಟೇ. ಅಡುಗೆ ಮಾಡಿ, ಟ್ರೇ ತುಂಬಿಸಿ, ಒಂದೊಂದೇ ಬಾಗಿಲು ತಟ್ಟಿ ಕೊಡಿ. ಎಂಜಲು ತಟ್ಟೆ ವಾಪಸ್ ತನ್ನಿ. ಆಮೇಲೆ ನಿಮ್ಮ ಮೆಸ್ಸಿನಲ್ಲಿ ಒಟ್ಟಿಗೆ ಕೂತು ಊಟ ಮಾಡಿ, ಒಂದೇ ರೂಮಿನಲ್ಲಿ ಇಬ್ಬಿಬ್ಬರು ಮಲಗಿ.

ಆಮೇಲೆ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯವರು ಇದರ ಒಂದು ವರದಿ ಪ್ರಕಟಿಸಿದರು. ಸಿಬ್ಬಂದಿಯಲ್ಲಿ ಮೊದಲು ಜ್ವರ ಬಂದದ್ದು ಫೆಬ್ರವರಿ 2ಕ್ಕೆ, ಊಟದ ವಿಭಾಗದ ಒಬ್ಬರಿಗೆ. ಅಂದರೆ ರೂಮಿನ ಬಾಗಿಲು ಮುಚ್ಚುವ ಮೂರು ದಿನ ಮುಂಚೆ. 9ನೇ ತಾರೀಕಿನ ಹೊತ್ತಿಗೆ 20 ಜನ ಸಿಬ್ಬಂದಿಗೆ ಪಾಸಿಟಿವ್. ಆ 20ರಲ್ಲಿ 15 ಜನ ಊಟದ ವಿಭಾಗದವರು. 16 ಜನರ ರೂಮು ಮೂರನೇ ಡೆಕ್ಕಿನಲ್ಲಿ, ಊಟದ ವಿಭಾಗದವರು ಇರುವ ಡೆಕ್ಕು ಅದು. ಕೊನೆಗೆ ಇಡೀ ಹಡಗಿನ ಲೆಕ್ಕ 712ಕ್ಕೆ ಹೋಯಿತು, ಅದರಲ್ಲಿ 145 ಜನ ಸಿಬ್ಬಂದಿ.

ಇನ್ನೊಂದು ಲೆಕ್ಕ. ಆ ಹಡಗಿನಲ್ಲಿ 138 ಜನ ಭಾರತೀಯರಿದ್ದರು. ಪ್ರಯಾಣಿಕರು ಎಷ್ಟು ಗೊತ್ತಾ? 6. ಉಳಿದ 132 ಜನ ಕೆಲಸದವರು. ನಮ್ಮ ನೆಂಟರು "ನನ್ನನ್ನ ಕೂಡಿಹಾಕಿದ್ರೆ" ಅಂದರಲ್ಲ, ಅವರು ತಮ್ಮನ್ನು ಆ ಆರು ಜನರ ಪೈಕಿ ಸೇರಿಸಿಕೊಂಡೇ ಮಾತಾಡಿದ್ದು. ನಾವೆಲ್ಲ ಹಾಗೇ ಅಲ್ವಾ? ರಾಜರ ಕಥೆ ಕೇಳುವಾಗ ಯಾರಾದರೂ ತಮ್ಮನ್ನು ಪಲ್ಲಕ್ಕಿ ಹೊರುವವನು ಅಂದುಕೊಳ್ಳುತ್ತಾರಾ?

ನಮ್ಮ ಕಡೆ ಊರ ಹಬ್ಬಕ್ಕೆ ಕಟ್ಟು ಬೀಳುತ್ತದೆ. ಹೊರಗಿನ ಸ್ನೇಹಿತರಿಗೆ ಗೊತ್ತಿರಲಿಕ್ಕಿಲ್ಲ. ಕಟ್ಟು ಬಿದ್ದ ಮೇಲೆ ಕೋಳಿ ಕುಯ್ಯುವ ಹಾಗಿಲ್ಲ, ಮರ ಕಡಿಯುವ ಹಾಗಿಲ್ಲ, ರಾತ್ರಿ ಊರು ಬಿಟ್ಟು ಬೇರೆ ಕಡೆ ಉಳಿಯುವ ಹಾಗಿಲ್ಲ. ಒಂದೊಂದು ಊರಿನಲ್ಲಿ ಒಂದೊಂದು ಥರ. ಆದರೆ ಬಿದ್ದರೆ ಊರಿಗೆಲ್ಲ ಬೀಳುತ್ತದೆ. ನೂರು ಏಕರೆಯವನಿಗೂ ಕಟ್ಟು, ಅವನ ತೋಟದಲ್ಲಿ ಕರಿಮೆಣಸು ಕುಯ್ಯುವವನಿಗೂ ಕಟ್ಟು. ಯೊಕೊಹಾಮಾದಲ್ಲಿ ಬಿದ್ದದ್ದು ಅದ್ಯಾವ ಕಟ್ಟು? ಟಿಕೆಟ್ ಇದ್ದವರಿಗೆ ಮಾತ್ರ ಬೀಳುವ ಕಟ್ಟು.

ಕೋಬೆ ವಿಶ್ವವಿದ್ಯಾಲಯದ ಕೆಂಟಾರೊ ಇವಾಟಾ ಅನ್ನುವ ಸೋಂಕು ರೋಗದ ತಜ್ಞರು ಡೈಮಂಡ್ ಪ್ರಿನ್ಸೆಸ್ ಒಳಗೆ ಹೋಗಿ ಬಂದು ಫೆಬ್ರವರಿ 18ಕ್ಕೆ ಒಂದು ವಿಡಿಯೊ ಹಾಕಿದರು. ಸೋಂಕು ಇರುವ ಜಾಗ ಯಾವುದು, ಇಲ್ಲದ ಜಾಗ ಯಾವುದು, ಗೆರೆಯೇ ಇಲ್ಲ ಅಂದರು. ಎಬೋಲಾ ಟೈಮಲ್ಲಿ ಆಫ್ರಿಕಾದಲ್ಲಿದ್ದೆ, ಸಾರ್ಸ್ ಟೈಮಲ್ಲಿ ಚೀನಾದಲ್ಲಿದ್ದೆ, ಅಲ್ಲೆಲ್ಲೂ ಆಗದ ಹೆದರಿಕೆ ಇಲ್ಲಾಯಿತು ಅಂದರು. ತಜ್ಞರಿಗೇ ಹಾಗಾದರೆ ಟ್ರೇ ಹಿಡಿದ ಹುಡುಗನಿಗೆ ಹೇಗಾಗಿರಬೇಡ.

ಈಗ ಕಾಮೆಂಟಿನಲ್ಲಿ ಯಾರಾದರೂ ಬಂದೇ ಬರುತ್ತೀರಿ. "ಮೇಡಂ, ಯಾರಾದ್ರೂ ಅಡುಗೆ ಮಾಡಲೇಬೇಕಲ್ವಾ? ಮೂರೂವರೆ ಸಾವಿರ ಜನರನ್ನ ಒಂದೇ ದಿನ ಇಳಿಸಿ ಎಲ್ಲಿಡೋದು? ಆಗ ಟೆಸ್ಟ್ ಕೂಡ ಅಷ್ಟು ಇರಲಿಲ್ಲ." ಒಪ್ಪಿದೆ. ಪ್ರಯಾಣಿಕರಲ್ಲಿ ಹೆಚ್ಚಿನವರಿಗೆ ಬಾಗಿಲು ಮುಚ್ಚುವ ಮೊದಲೇ ಹರಡಿತ್ತು, ಮುಚ್ಚಿದ್ದರಿಂದ ಉಪಯೋಗ ಆಯಿತು ಅಂತ ಜಪಾನಿನವರು ಹೇಳಿದರು. ಅದನ್ನೂ ಒಪ್ಪೋಣ. ಆದರೆ ಉಪಯೋಗ ಆಗಿದ್ದು ಯಾರಿಗೆ? ಬಾಗಿಲ ಒಳಗಿದ್ದವರಿಗೆ. ಅಡುಗೆ ಮಾಡಲೇಬೇಕು ಅಂದ ಮೇಲೆ ಅದನ್ನು ಡ್ಯೂಟಿ ಅಂತ ಕರೆಯಿರಿ, ಅಪಾಯದ ಡ್ಯೂಟಿ ಅನ್ನಿ, ಮಲಗೋಕೆ ಬೇರೆ ಬೇರೆ ರೂಮು ಕೊಡಿ. 3,711 ಜನರಿಗೆ ಕ್ವಾರಂಟೈನ್ ಅಂತ ಪೇಪರಿನಲ್ಲಿ ಬರೆಸಬೇಡಿ. 2,666 ಜನರಿಗೆ ಕ್ವಾರಂಟೈನ್, 1,045 ಜನರಿಗೆ ಓವರ್‌ಟೈಮ್.

ಸಿಡ್ನಿಯಲ್ಲಿ ಆಗಿದ್ದು ಉಲ್ಟಾ. ರೂಬಿ ಪ್ರಿನ್ಸೆಸ್ ಅನ್ನುವ ಹಡಗಿನಿಂದ ಮಾರ್ಚ್ 19ಕ್ಕೆ ಸುಮಾರು 2,700 ಪ್ರಯಾಣಿಕರನ್ನು ಸೀದಾ ಇಳಿಸಿ ಮನೆಗೆ ಕಳಿಸಿದರು. ಆ ಹಡಗಿನ ಸೋಂಕಿನಿಂದ 28 ಜನ ಸತ್ತರು. ಸಿಬ್ಬಂದಿ? ಅವರನ್ನು ಅವತ್ತು ಇಳಿಸಲಿಲ್ಲ. ಹಡಗು ಆಸ್ಟ್ರೇಲಿಯಾ ಬಿಟ್ಟಿದ್ದು ಏಪ್ರಿಲ್ 23ಕ್ಕೆ. ಕೂಡಿಹಾಕಬೇಕು ಅಂದಾಗ ಇವರು ಕೆಲಸದವರು, ಬಿಡಬೇಕು ಅಂದಾಗ ಇವರು ಸೋಂಕಿನವರು. ಹೇಗಿದೆ?

(ಬಂದರಿಗೇ ಬಿಡದ ಕಥೆ ಬೇರೆ. ವೆಸ್ಟರ್‌ಡ್ಯಾಮ್ ಅನ್ನುವ ಹಡಗನ್ನು ಜಪಾನ್, ತೈವಾನ್, ಗುವಾಮ್, ಫಿಲಿಪ್ಪೀನ್ಸ್, ಥಾಯ್ಲೆಂಡ್ ಎಲ್ಲರೂ ಬೇಡ ಅಂದು, ಕೊನೆಗೆ ಕಾಂಬೋಡಿಯ ಬಿಟ್ಟುಕೊಂಡಿತು. ಎಷ್ಟು ಕಲ್ಲು ಮನಸ್ಸು ಅಂತ ನಾವು ಇಲ್ಲಿ ಕೂತು ಬೈದೆವು. ತಿಂಗಳೊಪ್ಪತ್ತಿನಲ್ಲಿ ಮಾಕುಟ್ಟದ ರಸ್ತೆಗೆ ಮಣ್ಣು ಸುರಿದು ಕೇರಳದ ದಾರಿ ಮುಚ್ಚಿದಾಗ ನಾನೂ ಭೇಷ್ ಅಂದವಳೇ.)

ನಮ್ಮ ಹುಡುಗ ಈ ಯಾವ ಹಡಗಿನಲ್ಲೂ ಇರಲಿಲ್ಲ. ಅವನದ್ದು ಬೇರೆ ಕಂಪನಿ, ಅಮೆರಿಕದ ಕಡೆ. ಮಾರ್ಚ್‌ನಲ್ಲಿ ಪ್ರಯಾಣಿಕರೆಲ್ಲ ಇಳಿದು ಹೋದರು. ಇವರು ಜುಲೈವರೆಗೆ ನೀರಿನ ಮೇಲೆ. ಆ ಏಪ್ರಿಲ್‌ನಲ್ಲಿ ಅಮೆರಿಕದ ಕಡಲಂಚಿನಲ್ಲಿ ಸುಮಾರು ನೂರು ಹಡಗುಗಳಲ್ಲಿ 80 ಸಾವಿರದ ಹತ್ತಿರ ಸಿಬ್ಬಂದಿ ಇದ್ದರಂತೆ. ನಮ್ಮ ಮಡಿಕೇರಿ ಪೇಟೆಯಂಥದ್ದು ಎರಡಾದರೂ ತುಂಬುವಷ್ಟು ಜನ, ದಡ ಕಣ್ಣಿಗೆ ಕಾಣುತ್ತಿದ್ದರೂ ಇಳಿಯುವ ಹಾಗಿಲ್ಲ.

ಅವನ ರೂಮು ಕೆಳಗಿನ ಡೆಕ್ಕಿನಲ್ಲಿ. ಕಿಟಕಿ ಇಲ್ಲ. ಒಂದರ ಮೇಲೊಂದು ಎರಡು ಮಂಚ. ಆಮೇಲೆ ಒಬ್ಬೊಬ್ಬರಿಗೆ ಒಂದೊಂದು ರೂಮು ಕೊಡಬೇಕು ಅಂತಾಗಿ ಇವನನ್ನು ಮೇಲೆ ಪ್ರಯಾಣಿಕರ ರೂಮಿಗೆ ಹಾಕಿದರು, ಬಾಲ್ಕನಿ ಇರುವ ರೂಮು. "ನಾಲ್ಕು ವರ್ಷ ಅಲ್ಲಿ ಬೆಡ್‌ಶೀಟ್ ಹಾಸಿದ್ದೆ ಅತ್ತೆ, ಅವತ್ತೇ ಮೊದಲ ಸಲ ಆ ಮಂಚದ ಮೇಲೆ ಕೂತಿದ್ದು" ಅಂದ. ಕೂತು ಏನು ಮಾಡಿದ್ಯೋ ಅಂದೆ. "ಬೆಡ್‌ಶೀಟ್ ಸುಕ್ಕಾಯ್ತು ಅಂತ ಎದ್ದು ಸರಿ ಮಾಡ್ದೆ."

ಎರಡು ತಿಂಗಳಾದ ಮೇಲೆ ಸಂಬಳವೂ ನಿಂತಿತು. ಇದನ್ನು ಅವನು ಆಗ ಮನೆಯಲ್ಲಿ ಹೇಳಲಿಲ್ಲ. ತಮ್ಮ ಫೋನಿನಲ್ಲಿ "ಮಜಾ ಮಾಡು, ಪುಕ್ಕಟೆ ಊಟ" ಅನ್ನುತ್ತಿದ್ದ. ಅಪ್ಪನೇ ಹಾಗಂದ ಮೇಲೆ ಎದುರಿಗೆ ಕೂತ ನೆಂಟರನ್ನು ಏನಂತ ಬೈಯುವುದು.

ಅವನಿಗೆ ಒಂದು ಅಭ್ಯಾಸ ಉಳಿದುಬಿಟ್ಟಿದೆ. ಈ ಸಲ ರಜೆಗೆ ಬಂದಾಗ ಗಮನಿಸಿದೆ. ನನಗೆ ಕಾಫಿ ತಂದರೆ ಲೋಟವನ್ನು ಕೈಗೆ ಕೊಡುವುದಿಲ್ಲ. ಮೇಜಿನ ಮೇಲೆ ಇಟ್ಟು, ಹಿಡಿ ನನ್ನ ಕಡೆ ತಿರುಗಿಸಿ, ಎರಡು ಹೆಜ್ಜೆ ಹಿಂದೆ ಹೋಗಿ ನಿಲ್ಲುತ್ತಾನೆ. ನಾನು ತಗೊಂಡ ಮೇಲೇ ಅಲ್ಲಾಡುವುದು. ಅವನಿಗೇ ಅದು ಗೊತ್ತಿಲ್ಲ.

ಸರಿ, ಇಷ್ಟು ಬರೆದ ಮೇಲೆ ಇನ್ನೊಂದನ್ನೂ ಬರೆಯಬೇಕು. ಬರೆಯೋಕೆ ಇಷ್ಟ ಇಲ್ಲ.

2020ರ ಜುಲೈನಲ್ಲಿ ಅವನು ಬಂದ. ಬೆಂಗಳೂರಿನಲ್ಲಿ ಹೋಟೆಲ್ ಕ್ವಾರಂಟೈನ್ ಮುಗಿಸಿ ಊರಿಗೆ. ತಮ್ಮನ ಮನೆಯಲ್ಲಿ ನಮ್ಮ ಅಮ್ಮ ಇದ್ದರು, ವಯಸ್ಸಾದವರು, ಅಲ್ಲಿಡುವ ಹಾಗಿರಲಿಲ್ಲ. ನಮ್ಮಲ್ಲಿಗೆ ಬರಲಿ ಅಂದೆ. ಕಾಫಿ ಕಣದ ಪಕ್ಕ ಗೋದಾಮಿಗೆ ಸೇರಿದ ಹಾಗೆ ಒಂದು ರೂಮಿದೆ, ಬಂದವರು ನೋಡಿದ್ದೀರಿ. ಅಲ್ಲಿ ಮಂಚ ಹಾಕಿಸಿದೆ. ಪಂಚಾಯಿತಿಯವರು ಬಂದು ಗೇಟಿಗೆ ಪೋಸ್ಟರ್ ಅಂಟಿಸಿದರು. ಮನೆಯಲ್ಲೇ ಇದ್ದೇನೆ ಅಂತ ಆ್ಯಪ್‌ನಲ್ಲಿ ಸೆಲ್ಫಿ ಕಳಿಸಬೇಕಿತ್ತು. ಕಳಿಸೋಕೆ ನೆಟ್‌ವರ್ಕ್ ಬೇಕು. ನೆಟ್‌ವರ್ಕ್ ಬೇಕಾದರೆ ಮನೆ ಬಿಟ್ಟು ಗುಡ್ಡ ಹತ್ತಬೇಕು. ಆ ಆ್ಯಪ್ ಮಾಡಿದ ಪುಣ್ಯಾತ್ಮರು ಯಾವತ್ತೂ ಜುಲೈ ತಿಂಗಳಲ್ಲಿ ಕೊಡಗಿಗೆ ಬಂದಿಲ್ಲ.

ಮೂರು ಹೊತ್ತು ಊಟ ನಾನೇ ಮಾಡಿದೆ. ಅವನಿಗೆ ಇಷ್ಟ ಅಂತ ಕಣಿಲೆ ಸಾರು, ಒಣಮೀನು, ಅಕ್ಕಿ ರೊಟ್ಟಿ. ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದ್ದೂ ಹೌದು, ಹದಿನಾಲ್ಕು ದಿನ ಹುಡುಗನಿಗೆ ಬಾಗಿಲಿಗೇ ಊಟ ಕಳಿಸಿದೆ ಅಂತ.

ಕಳಿಸಿದೆ. ಕಳಿಸಿದೆ ಅಂದೆನಲ್ಲ, ಆ ಪದ ನೋಡಿ.

ತಗೊಂಡು ಹೋದವಳು ಜಾನಕಿ, ತೋಟದ ಕೆಲಸದವರಿರುವ ನಮ್ಮ ಲೈನ್‌ಮನೆಯವಳು. ತಲೆ ಮೇಲೆ ಪ್ಲಾಸ್ಟಿಕ್ ಕೊಪ್ಪೆ, ಒಂದು ಕೈಯಲ್ಲಿ ಟಿಫನ್ ಕ್ಯಾರಿಯರ್, ಕಾಲಿಗೆ ಜಿಗಣೆ. ನಾನು ಅವಳಿಗೆ ಕೊಟ್ಟಿದ್ದು ಎರಡು ಬಟ್ಟೆ ಮಾಸ್ಕು, ಒಂದು ಸೋಪು. ವಾಪಸ್ ಬಂದಾಗ ಕ್ಯಾರಿಯರನ್ನು ಹಿತ್ತಲ ಕಲ್ಲಿನ ಮೇಲೆ ಇಡಿಸಿ, ದೂರದಿಂದ ಪೈಪಿನಲ್ಲಿ ನೀರು ಬಿಟ್ಟು, ಬಿಸಿನೀರು ಸುರಿದು ಆಮೇಲೆ ಮುಟ್ಟುತ್ತಿದ್ದೆ. ಅವಳು ಅದನ್ನೆಲ್ಲ ನಿಂತು ನೋಡುತ್ತಿದ್ದಳು. ಅವಳ ಕೈಗೆ ಯಾರೂ ಬಿಸಿನೀರು ಸುರಿಯಲಿಲ್ಲ. ಅವಳು ಸೀದಾ ಹೋಗಿ ಸೇರುತ್ತಿದ್ದದ್ದು ಆರು ರೂಮಿನ ಲೈನಿಗೆ. ಆರು ಮನೆಗೆ ಒಂದೇ ನಲ್ಲಿ. ಅವಳ ಒಂದು ರೂಮಿನಲ್ಲಿ ಗಂಡ, ಅತ್ತೆ, ಎರಡು ಮಕ್ಕಳು.

ಮೂರನೇ ಡೆಕ್ಕು ಅಂತ ಮೇಲೆ ಬರೆದೆನಲ್ಲ, ನನ್ನ ತೋಟದಲ್ಲೂ ಒಂದಿತ್ತು.

ಯಾರಿಗೂ ಏನೂ ಆಗಲಿಲ್ಲ, ಹುಡುಗನ ರಿಪೋರ್ಟ್ ನೆಗೆಟಿವ್ವೇ ಇತ್ತು. ಆದರೆ ನೆಗೆಟಿವ್ ಅಂತ ನಂಬಿದ್ದರೆ ನಾನೇ ತಗೊಂಡು ಹೋಗುತ್ತಿದ್ದೆನಲ್ಲ! ನನಗೆ ಬಿಪಿ ಇದೆ, ಮೊಣಕಾಲು ನೋವು, ಮಳೆ, ಇಳಿಜಾರು. ಆಗ ಈ ಕಾರಣಗಳೆಲ್ಲ ಸರಿಯಾಗಿಯೇ ಕಾಣುತ್ತಿದ್ದವು. ಹಡಗಿನ ಕಂಪನಿಗೂ ಹೀಗೇ ಕಂಡಿರಬೇಕು.

ಮದುವೆಯಿಂದ ಬರುವಾಗ ಕಾರಿನಲ್ಲಿ ಹುಡುಗನಿಗೆ ಇದನ್ನು ಹೇಳಿದೆ. ತಿತಿಮತಿ ದಾಟುವವರೆಗೆ ಅವನು ಮಾತಾಡಲಿಲ್ಲ. ಆಮೇಲೆ ಅಂದ, "ಜಾನಕಕ್ಕ ಕ್ಯಾರಿಯರ್ ಇಟ್ಟು ಹೋಗಿ ಆ ಸಿಲ್ವರ್ ಮರದ ಕೆಳಗೆ ನಿಲ್ತಿದ್ರು ಅತ್ತೆ, ನಾನು ತಿಂದು ಮುಗಿಸುವವರೆಗೆ. ಮಳೆಯಲ್ಲಿ. ಜಗಲಿ ಮೇಲೆ ಬನ್ನಿ ಅಂದ್ರೆ, ಬೇಡ, ಅಮ್ಮ ಬೈತಾರೆ ಅಂತಿದ್ರು."

ಬೈಯುತ್ತಿದ್ದೆ. ಅದೂ ನಿಜ.

ಹುಡುಗ ಮುಂದಿನ ತಿಂಗಳು ವಾಪಸ್ ಹೋಗುತ್ತಾನೆ, ಒಂಬತ್ತು ತಿಂಗಳ ಕಾಂಟ್ರಾಕ್ಟ್. ಬ್ಯಾಂಕಿನ ನೆಂಟರು ನನ್ನ ಫ್ರೆಂಡ್ ಲಿಸ್ಟ್‌ನಲ್ಲಿದ್ದಾರೆ, ಓದಿದರೆ ಓದಲಿ. ಬರುವ ಗುರುವಾರ ಅವರ ಮೊಮ್ಮಗುವಿನ ನಾಮಕರಣ, ಹೋಗದೆ ಇರೋಕಾಗಲ್ಲ. ಊಟಕ್ಕೆ ಮಾತ್ರ ಬೇರೆ ಸಾಲಿನಲ್ಲಿ ಕೂರುತ್ತೇನೆ.