ಸತ್ಯಾಂಶ: ಬಾಗಿದ ಬಾಳೆಹಣ್ಣಿಗೆ ಯುರೋಪಿನಲ್ಲಿ ನಿಷೇಧವಿತ್ತೇ?

ಶಿವಮೊಗ್ಗದ ನಮ್ಮ ವಾಟ್ಸಾಪ್ ಗುಂಪುಗಳಿಗೆ ಈ ಸಂದೇಶ ಮತ್ತೆ ಮತ್ತೆ ಬರುತ್ತದೆ: ಯುರೋಪಿಯನ್ ಒಕ್ಕೂಟ ಬಾಗಿದ ಬಾಳೆಹಣ್ಣನ್ನೇ ನಿಷೇಧಿಸಿತ್ತು, ಬ್ರಿಟನ್ ಬೇಸತ್ತು ಹೊರಬಂತು ಎಂದು. ಅಂಥ ನಿಷೇಧ ಇರಲಿಲ್ಲ.

ಇದ್ದದ್ದು 1994ರ 2257ನೇ ನಿಯಮ. ಹಸಿರು ಬಾಳೆಕಾಯಿ ಕನಿಷ್ಠ 14 ಸೆಂ.ಮೀ. ಉದ್ದ, 27 ಮಿ.ಮೀ. ದಪ್ಪ ಇರಬೇಕು, 'ಅಸಹಜ ಬಾಗು' ಇರಬಾರದು ಎಂದಿತು. ಆ ಎರಡು ಪದಗಳಿಂದಲೇ ಕತೆ ಹುಟ್ಟಿತು. ಆದರೆ ಅದೇ ನಿಯಮ ಮೊದಲ ದರ್ಜೆಯಲ್ಲಿ ಆಕಾರದ ಸಣ್ಣ ದೋಷವನ್ನು ಒಪ್ಪಿತ್ತು. ಎರಡನೇ ದರ್ಜೆಯಲ್ಲಿ, ತಿರುಳು ಕೆಡದಿದ್ದರೆ, ಇನ್ನೂ ಹೆಚ್ಚು. ನಮ್ಮ ಮಂಡಿಯಲ್ಲಿ ರಾಶಿ, ಬೆಟ್ಟೆ, ಗೊರಬಲು ಎಂದು ಅಡಿಕೆಯನ್ನು ಬೇರೆ ಬೇರೆ ಮಾಡುತ್ತೇವಲ್ಲ, ಹಾಗೆಯೇ. ಗೊರಬಲಿಗೆ ದರ ಕಡಿಮೆ, ಆದರೂ ಅದು ಮಾರಾಟವಾಗುತ್ತದೆ.

ಕಳಿಸಿದವರನ್ನು ದೂರುವುದು ಬೇಡ. ನಂಬಿಕಸ್ಥರಿಂದ ಬಂದದ್ದನ್ನು ಯಾರಾದರೂ ಮುಂದೆ ದಾಟಿಸುತ್ತಾರೆ. ಇಂಥದ್ದು ಬಂದಾಗ ಮೊದಲು ಕಾನೂನಿನ ಸಂಖ್ಯೆ, ವರ್ಷ ಇದೆಯೇ ನೋಡಿ. ಇದ್ದರೆ ಒಕ್ಕೂಟದ 'ಯೂರ್-ಲೆಕ್ಸ್' ಜಾಲತಾಣದಲ್ಲಿ ಪೂರ್ತಿ ಪಠ್ಯ ಉಚಿತವಾಗಿ ಸಿಗುತ್ತದೆ. ಹೇಳಿದ ಸಾಲಿನ ಜೊತೆ ಅದರ ಮುಂದಿನ ಪ್ಯಾರಾವನ್ನೂ ಓದಿ. ವಿನಾಯಿತಿ ಸಾಮಾನ್ಯವಾಗಿ ಅಲ್ಲೇ ಇರುತ್ತದೆ.

2016ರ ಜೂನ್ 23ರಂದು ಮತ ಹಾಕಿದ ಬ್ರಿಟನ್ನಿನವರಲ್ಲಿ ಶೇ. 51.9 ಮಂದಿ ಹೊರಹೋಗುವುದಕ್ಕೇ ಒಪ್ಪಿದರು. ವಲಸೆ, ವ್ಯಾಪಾರ, ಸ್ವಂತ ಕಾನೂನು ಮಾಡುವ ಹಕ್ಕು: ಅಲ್ಲಿ ಚರ್ಚೆಯಾದದ್ದು ಇಂಥ ತೂಕದ ಸಂಗತಿಗಳು, ಎರಡೂ ಕಡೆಯಿಂದ.